ಟ್ರಂಕಿನ ಮುಚ್ಚಳದ ನಾಲ್ಕನೆಯ ಸೂಚನೆ

ಆ ಸಲ ಅವರು ಬಂದದ್ದು ಕಂಕುಳಲ್ಲಿದ್ದ ಮಗುವನ್ನು ತೋರಿಸುವುದಕ್ಕಲ್ಲ, ಹೊಟ್ಟೆಯಲ್ಲಿದ್ದ ಮಗುವಿನ ಬಗ್ಗೆ ಕೇಳುವುದಕ್ಕೆ. ಬಸುರಿ ಮಗಳಿಗೆ ನಾಲ್ಕು ತಿಂಗಳು ತುಂಬಿತ್ತು. ಜೊತೆಗೆ ಬಂದವರು ಅವಳ ತಾಯಿ, ಹರಿಹರದ ಅಜ್ಜಿ. ಹಣೆಯ ತುಂಬ ವಿಭೂತಿ, ಎದುರಿಗಿದ್ದವರು ತಾವಾಗಿಯೇ ದಾರಿ ಬಿಡಬೇಕು ಅಂಥ ನಿಲುವು. ಅವರ ಕಂಕುಳಲ್ಲಿ ಎರಡು ವರ್ಷದ ಮೊಮ್ಮಗ. ಅವನ ಕತ್ತು ನಿಂತಿರಲಿಲ್ಲ. ಕೈಗಳು ತಮ್ಮಷ್ಟಕ್ಕೆ ತಾವೇ ತಿರುಚಿಕೊಳ್ಳುತ್ತಿದ್ದವು. ನಾನು ಅವನ ಕಿವಿಯ ಹಿಂದೆ ಚಪ್ಪಾಳೆ ತಟ್ಟಿದೆ. ಅವನು ಅಜ್ಜಿಯ ಮೂಗುಬೊಟ್ಟನ್ನು ನೋಡುತ್ತಲೇ ಇದ್ದ.

"ಅವನದ್ದು ಬಿಡ್ರಿ, ಆಗಿದ್ದು ಆಗಿಹೋತು. ಇದು ಹೆಂಗೆ ಹುಟ್ತೈತೆ ಅದನ್ನ ಹೇಳ್ರಿ. ಇದೂ ಹಂಗೇ ಆದ್ರೆ ನನ್ನ ಮಗಳನ್ನ ಆ ಮನೆಯೋರು ಇಟ್ಕಳಲ್ಲ," ಎಂದರು ಅಜ್ಜಿ.

ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಐವತ್ತರ ದಶಕದ ಕೊನೆಯ ವರ್ಷಗಳವು. ದಾವಣಗೆರೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ಕಿರಿಯ ವೈದ್ಯೆ. ಆ ಹುಡುಗ ಹುಟ್ಟಿದ್ದು ನಮ್ಮಲ್ಲೇ, ನನ್ನ ಕೈಯಲ್ಲೇ. ಹುಟ್ಟಿದಾಗ ಚೆನ್ನಾಗಿ ಅತ್ತಿದ್ದ, ಚೆನ್ನಾಗಿ ಹಾಲು ಕುಡಿದಿದ್ದ. ಮೂರನೆಯ ದಿನ ಮನೆಗೆ ಹೋದವನು ಐದನೆಯ ದಿನ ಅರಿಸಿನ ಬಳಿದವನ ಹಾಗೆ ಹಳದಿಯಾಗಿ ಬಂದ. ಹಾಲು ಬಿಟ್ಟಿದ್ದ, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ಅಳು ಕೀರಲಾಗಿ ಕಿವಿಗೆ ಚುಚ್ಚುತ್ತಿತ್ತು. ಗ್ಲೂಕೋಸ್ ನೀರು ಕೊಡುವುದರ ಹೊರತು ನನ್ನಿಂದ ಇನ್ನೇನೂ ಆಗಲಿಲ್ಲ. ರಕ್ತದ ಕೆಂಪು ಕಣಗಳು ಒಮ್ಮೆಲೇ ಒಡೆದರೆ ಅದರ ಹಳದಿ ಬಣ್ಣ ಎಳೆಯ ಮೆದುಳಿಗೆ ಇಳಿಯುತ್ತದೆ, ಇಳಿದ ಮೇಲೆ ಅದನ್ನು ತೊಳೆದು ತೆಗೆಯುವ ದಾರಿಯಿಲ್ಲ. ಇಷ್ಟು ನನಗೆ ಗೊತ್ತಿತ್ತು. ಅವು ಯಾಕೆ ಒಡೆದವು ಅನ್ನುವುದು ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿಯಲು ಈಗ ಐದು ತಿಂಗಳ ಗಡುವು.

ಮೊದಲು ನನ್ನ ಅನುಮಾನ ಹೋದದ್ದು ತಾಯಿಯ ರಕ್ತದ ಮೇಲೆ. ಆರ್‌ಎಚ್ ಎಂಬ ಗುಣ ತಾಯಿಯ ರಕ್ತದಲ್ಲಿಲ್ಲದೆ ಮಗುವಿನದರಲ್ಲಿದ್ದರೆ ತಾಯಿಯ ರಕ್ತ ಮಗುವಿನ ಕಣಗಳನ್ನು ಒಡೆಯಬಹುದು. ಆದರೆ ಅದು ಸಾಮಾನ್ಯವಾಗಿ ಎರಡನೆಯ ಮಗುವಿನಿಂದ ಶುರುವಾಗುವ ತೊಂದರೆ. ಇಲ್ಲಿ ಮೊದಲನೆಯದಕ್ಕೇ ಆಗಿತ್ತು. ಅದನ್ನು ಯೋಚಿಸುವ ತಾಳ್ಮೆ ನನಗಿರಲಿಲ್ಲ. ನನಗೆ ಕೋಪ ಬರುವುದಷ್ಟೇ ಅಲ್ಲ, ಉತ್ತರ ಹೊಳೆಯುವುದೂ ಮೂಗಿನ ತುದಿಯಲ್ಲೇ. ರಕ್ತದ ಆ ಗುಣವನ್ನು ಪತ್ತೆಹಚ್ಚುವ ಸೀರಂ ಎಂಬ ದ್ರವ ಬೆಂಗಳೂರಿನಿಂದ ಥರ್ಮಾಸ್ ಫ್ಲಾಸ್ಕಿನಲ್ಲಿ, ಐಸಿನ ನಡುವೆ, ರೈಲಿನಲ್ಲಿ ಬಂತು. ಗಾಜಿನ ಪಟ್ಟಿಯ ಮೇಲೆ ತಾಯಿಯ ರಕ್ತದ ಒಂದು ತೊಟ್ಟು, ಸೀರಂನ ಒಂದು ತೊಟ್ಟು. ರಕ್ತ ಗುಂಪುಗೂಡಿದರೆ ಆ ಗುಣ ಇದೆ ಎಂದರ್ಥ. ಗುಂಪುಗೂಡಲಿಲ್ಲ. "ಸಿಕ್ಕಿತು," ಎಂದು ನಾನು ಅವತ್ತೇ ಗಂಡನ ಮನೆಯವರನ್ನು ಕರೆಸಿ, ಗಂಡ ಹೆಂಡತಿಯ ರಕ್ತ ಹೊಂದುವುದಿಲ್ಲ ಎಂದು ಹೇಳಿಬಿಟ್ಟೆ.

ಗಂಡ ಹತ್ತಿ ಗಿರಣಿಯಲ್ಲಿ ಗುಮಾಸ್ತ, ಸಾಧು ಮನುಷ್ಯ. ಅವನ ತಾಯಿ ಸಾಧುವಲ್ಲ. "ರಕ್ತಾನೇ ಕೂಡಲ್ಲ ಅಂದ್ಮ್ಯಾಲೆ ಸಂಸಾರ ಹೆಂಗೆ ಕೂಡ್ತೈತೆ?" ಎಂದು ಆಸ್ಪತ್ರೆಯ ಅಂಗಳದಲ್ಲೇ ಕೇಳಿದಳು. ಆ ವಾರವೇ ಸೊಸೆಯನ್ನು ತವರಿಗೆ ಕಳಿಸಿದರು.

ನಮ್ಮ ಪ್ರಯೋಗಾಲಯವೆಂದರೆ ಕಿಟಕಿಯ ಪಕ್ಕ ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಒಬ್ಬ ಸಹಾಯಕ. ಹಾಸಿಗೆ ಹೊಲಿಯುವ ಮನೆತನದ ಮುಸ್ಲಿಂ ಯುವಕ, ಮನೆಯಲ್ಲಿ ಉರ್ದು, ನಮ್ಮೊಡನೆ ಪೇಟೆಯ ಕನ್ನಡ. ಎರಡು ದಿನ ಬಿಟ್ಟು ಅವನು ಮೆಲ್ಲಗೆ ಕೇಳಿದ: "ಮೇಡಂ, ಖಾತ್ರಿ ಇರೋ ರಕ್ತದ ಮ್ಯಾಲೆ ಈ ಸೀರಂ ನೋಡಿದ್ವೇನ್ರಿ? ನಿಮ್ದು ಆ ಗುಣ ಇರೋ ಪಾಸಿಟಿವ್ ರಕ್ತ ಅಲ್ವೇನ್ರಿ, ಬೆರಳು ಕೊಡ್ರಿ." ಚುಚ್ಚಿದ. ನನ್ನ ರಕ್ತವೂ ಗುಂಪುಗೂಡಲಿಲ್ಲ. ದಾರಿಯಲ್ಲಿ ಐಸ್ ಕರಗಿ ಸೀರಂ ಕೆಟ್ಟಿತ್ತು. ವೈದ್ಯಕೀಯ ಓದುವ ಯಾವ ವಿದ್ಯಾರ್ಥಿಯೂ ಮರೆಯಬಾರದ ಹೆಜ್ಜೆಯನ್ನು ನಾನು ಆತುರದಲ್ಲಿ ಬಿಟ್ಟಿದ್ದೆ. ಹೊಸ ಸೀರಂ ಬಂದ ಮೇಲೆ ನೋಡಿದರೆ ತಾಯಿಯ ರಕ್ತ ಗುಂಪುಗೂಡಿತು, ಅದರಲ್ಲಿ ದೋಷವೇನೂ ಇರಲಿಲ್ಲ.

ಗಂಡನ ಮನೆಗೆ ಕಾಗದ ಬರೆದು ತಿಳಿಸುತ್ತೇನೆ ಎಂದೆ. ನಮ್ಮ ಹಿರಿಯ ವೈದ್ಯರು, ಮಾತು ಕಡಿಮೆ, ನಶ್ಯ ಜಾಸ್ತಿ, ತಲೆಯೆತ್ತದೆ ಹೇಳಿದರು: "ಬಾಯಲ್ಲಿ ಹೇಳಿದ್ದನ್ನ ಬಾಯಲ್ಲೇ ವಾಪಸ್ ತಗೋಬೇಕಮ್ಮ." ಗುಮಾಸ್ತನ ಮನೆಗೆ ಹೋಗಿ, ಪಡಸಾಲೆಯಲ್ಲಿ ನಿಂತು, ತಪ್ಪಾಯಿತು ಎಂದೆ. ಅತ್ತೆ ಕೂಡ್ರಿ ಎನ್ನಲಿಲ್ಲ. "ಈಗೊಂದು ಹೇಳ್ತೀರಿ, ಆಮ್ಯಾಲೊಂದು ಹೇಳ್ತೀರಿ. ಮಗು ಹುಟ್ಲಿ, ನೋಡಾಣ," ಎಂದಳು. ಸೊಸೆ ಹರಿಹರದಲ್ಲೇ ಉಳಿದಳು.

ಆಮೇಲೆ ಹಳೆಯ ರಿಜಿಸ್ಟರುಗಳಿಗೆ ಕೈ ಹಾಕಿದೆ. ಹಿಂದಿನ ಮೂರು ವರ್ಷಗಳಲ್ಲಿ ಹೀಗೆ ಹಳದಿಯಾಗಿ ಸೆಟೆದುಕೊಂಡ ಶಿಶುಗಳನ್ನು ಒಂದು ಹಾಳೆಗೆ ಇಳಿಸಿದೆ. ಬೆರಳಲ್ಲಿ ಎಣಿಸುವಷ್ಟೇ ಇದ್ದವು, ಆದರೆ ಹೆಚ್ಚಿನವು ಗಂಡು. ಅದಕ್ಕಿಂತ ವಿಚಿತ್ರವೆಂದರೆ ವಿಳಾಸಗಳು: ಮಂಡಿಪೇಟೆಯ ಅಂಗಡಿ ಮನೆಗಳು, ಹರಿಹರದ ಅನುಕೂಲಸ್ಥರು, ಶಾಲೆ ಮೇಷ್ಟರು. ಲೋಕಿಕೆರೆ, ಸಾರಥಿಯಂಥ ಹಳ್ಳಿಗಳ ಒಕ್ಕಲು ಮನೆಗಳ ಹೆಸರು ಒಂದೂ ಇರಲಿಲ್ಲ. ಬಡವರನ್ನು ಬಿಟ್ಟು ಉಳ್ಳವರನ್ನು ಹುಡುಕಿಕೊಂಡು ಹೋಗುವ ರೋಗವನ್ನು ನಾನು ನೋಡಿರಲಿಲ್ಲ.

"ಹಳ್ಳಿಯೋರು ಮಗು ಹಳದಿ ಆದ್ರೆ ಆಸ್ಪತ್ರೆಗೆ ತರ್ತಾರೇನಮ್ಮ? ತರದಿದ್ದದ್ದು ನಿನ್ನ ಹಾಳೇಲಿ ಹೆಂಗೆ ಬರುತ್ತೆ?" ಎಂದರು ಹಿರಿಯರು. ಮಾತು ಸರಿಯಾಗಿತ್ತು. ಹಾಗಾಗಿ ಸಾರಥಿಗೆ ನಾನೇ ಹೋದೆ, ಲೋಕಿಕೆರೆಗೂ ಹೋದೆ. ಬಾಣಂತಿ ಇರುವ ಮನೆಗಳಲ್ಲಿ ಕೂತು ಕೇಳಿದೆ. ಹಳದಿ ಬರುತ್ತದೆ, ವಾರದಲ್ಲಿ ಹೋಗುತ್ತದೆ ಎಂದರು. ಸೆಟೆದುಕೊಂಡದ್ದು, ಕೀರಿದ್ದು ಯಾರಿಗೂ ನೆನಪಿಲ್ಲ. ಹೆಸರಾದ ಸೂಲಗಿತ್ತಿಯೊಬ್ಬಳು ನನ್ನ ನೋಟುಬುಕ್ಕನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿ, "ನಮ್ಮ ಮಕ್ಳು ಯಾಕ ಚೆನ್ನಾಗಿ ಅದಾವು ಅಂತ ಕೇಳಾಕೆ ಬಂದೀರೇನ್ರಿ? ಯಾರೂ ಇಂಥದ್ದು ಕೇಳಿಲ್ಲ ಬಿಡ್ರಿ," ಎಂದು ನಕ್ಕಳು. ನಾನು ಔಷಧಿ ಕೇಳಿದೆ, ಊಟ ಕೇಳಿದೆ, ಕುಡಿಯುವ ನೀರು ಕೇಳಿದೆ. ಕಣ್ಣೆದುರಿಗೇ ಇದ್ದದ್ದನ್ನು ಮಾತ್ರ ಕೇಳಲಿಲ್ಲ.

ಹರಿಹರದ ಹುಡುಗಿಗೆ ಆರನೆಯ ತಿಂಗಳು ನಡೆಯುತ್ತಿದ್ದಾಗ ಮಂಡಿಪೇಟೆಯ ಅಂಗಡಿ ಮನೆಯೊಂದರಿಂದ ನಾಲ್ಕು ದಿನದ ಗಂಡು ಶಿಶು ಬಂತು, ಹಳದಿಯಾಗಿ. ಬೆನ್ನು ಇನ್ನೂ ಬಾಗಿರಲಿಲ್ಲ. ಹಿಮ್ಮಡಿಯಿಂದ ರಕ್ತ ತೆಗೆದು ಸಹಾಯಕನಿಗೆ ಕೊಟ್ಟೆ. ಅವನು ಅದಕ್ಕೆ ನೇರಳೆ ಬಣ್ಣ ಬೆರೆಸಿ ಗಾಜಿನ ಮೇಲೆ ಹರಡಿ ನೋಡಿದ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಮೇಡಂ, ಬರ್ರಿ ಇಲ್ಲಿ. ಕೆಂಪು ಕಣದ ಅಂಚಿನಾಗೆ ದಾಣೆ ದಾಣೆ ಅದಾವೆ."

ಇದ್ದವು. ರಾಗಿಯ ಕಾಳಿನಂತೆ, ಕಣದ ಅಂಚಿಗೆ ಅಂಟಿಕೊಂಡ ನೇರಳೆ ಚುಕ್ಕೆಗಳು. ಹಿರಿಯರ ಬೀರುವಿನ ದಪ್ಪ ಪುಸ್ತಕದಲ್ಲಿ ಅವುಗಳ ವಿಷಯ ಅರ್ಧ ಪುಟ ಇತ್ತು. ಯಾವುದೋ ರಾಸಾಯನಿಕ ಹೊರಗಿನಿಂದ ಮೈಗೆ ಸೇರಿ ಕಣಗಳನ್ನು ಸುಟ್ಟಾಗ ಈ ಚುಕ್ಕೆಗಳು ಬರುತ್ತವೆ. ಅಂದರೆ ರೋಗ ತಾಯಿಯದ್ದಲ್ಲ, ವಂಶದ ಶಾಪವೂ ಅಲ್ಲ. ಯಾರೋ ಏನೋ ಕೊಟ್ಟಿದ್ದಾರೆ. ನನಗೆ ಸಿಟ್ಟು ಬಂತು. ನೇರ ಆ ಮನೆಗೇ ಹೋದೆ, ಕಳ್ಳನನ್ನು ಹಿಡಿಯುವವಳ ಹಾಗೆ.

ಮಗುವಿಗೆ ಏನು ನೆಕ್ಕಿಸಿದಿರಿ, ಏನು ಹಚ್ಚಿದಿರಿ ಎಂದು ಒಂದೊಂದಾಗಿ ಕೇಳಿದೆ. ಹರಳೆಣ್ಣೆ ಹಚ್ಚಿ ಎರೆದದ್ದು, ಲೋಬಾನದ ಹೊಗೆ ಹಾಕಿದ್ದು, ಅಷ್ಟೇ. ಆ ಮನೆಯ ಹಿರಿಯಾಕೆಗೆ ನನ್ನ ದನಿ ಹಿಡಿಸಲಿಲ್ಲ. "ನೀವು ಹೇಳಿದ್ದೇ ಮಾಡೀವ್ರಿ ತಾಯಿ, ಬರ್ರಿ ನೋಡ್ರಿ," ಎಂದು ಒಳಗೆ ಕರೆದುಕೊಂಡು ಹೋಗಿ ಕಬ್ಬಿಣದ ಟ್ರಂಕು ತೆರೆದಳು.

ಈ ಕಡೆ ಒಂದು ಪದ್ಧತಿಯಿದೆ. ತೊಟ್ಟಿಲಿಗೆ ಹಾಕುವ ತನಕ ಕೂಸಿಗೆ ಹೊಸ ಬಟ್ಟೆ ತೊಡಿಸುವುದಿಲ್ಲ. ಬಾಳಿ ಬದುಕಿದ ಹಿರಿಯರ ಹಳೆಯ ಸೀರೆ ಹರಿದು ಸುತ್ತುತ್ತಾರೆ, ಅವರ ಆಯುಷ್ಯ ಕೂಸಿಗೆ ಬರಲಿ ಎಂದು. ಮೆತ್ತಗಿನ ಬಟ್ಟೆ, ಒಳ್ಳೆಯ ಪದ್ಧತಿ. ಟ್ರಂಕಿನಲ್ಲಿದ್ದದ್ದು ಅಂಥ ಸೀರೆಗಳೇ. ಮುಚ್ಚಳ ಎತ್ತುತ್ತಲೇ ಡಾಂಬರು ಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಬಟ್ಟೆಗೆ ನುಸಿ, ಜಿರಲೆ ಬರದಂತೆ ಇಡುತ್ತಾರಲ್ಲ, ಆ ಬಿಳಿಯ ಗುಂಡು. ಮಡಿಕೆ ಮಡಿಕೆಗೂ ಇತ್ತು. ಪುಸ್ತಕ ಹೇಳಿದ್ದ ಹೊರಗಿನ ರಾಸಾಯನಿಕ ಇದೇ ಇರಬೇಕು ಅನಿಸಿತು. ಮುಚ್ಚಳದ ಒಳಗೆ ದೇವರ ಪಟದ ಪಕ್ಕದಲ್ಲಿ ಒಂದು ಕಾಗದವನ್ನು ಅಂಟಿಸಿದ್ದರು. ನಮ್ಮ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಸೂಚನೆಗಳ ಕಾಗದ. ನಾಲ್ಕನೆಯದು: "ಮಗುವಿಗೆ ಸುತ್ತುವ ಹಳೆಯ ಬಟ್ಟೆಗಳನ್ನು ಮೊದಲೇ ಒಗೆದು ಒಣಗಿಸಿ, ಡಾಂಬರು ಗುಳಿಗೆ ಹಾಕಿ ಪೆಟ್ಟಿಗೆಯಲ್ಲಿ ಭದ್ರವಾಗಿಡಿ."

ಬರೆದವಳು ನಾನು. ಮೂರು ವರ್ಷದ ಹಿಂದೆ ಯಾರೋ ತಂದ ಬಟ್ಟೆಯ ಗಂಟಿನಿಂದ ಜಿರಲೆ ಹರಿದು ಎಳೆಯ ಕೂಸಿನ ತುಟಿ ಕಚ್ಚಿತ್ತು. ಅವತ್ತಿನ ಸಿಟ್ಟಿನಲ್ಲೇ ಕೂತು ಬರೆದಿದ್ದೆ. ಓದು ಬಲ್ಲ ಮನೆಗಳು, ಟ್ರಂಕು ಇದ್ದ ಮನೆಗಳು ಅದನ್ನು ಶಿರಸಾ ವಹಿಸಿ ಪಾಲಿಸಿದ್ದವು. ಸಾರಥಿಯಲ್ಲಿ ಟ್ರಂಕೂ ಇರಲಿಲ್ಲ, ನನ್ನ ಕಾಗದವೂ ತಲುಪಿರಲಿಲ್ಲ. ಅಲ್ಲಿಯ ಮಕ್ಕಳು ದಿನಾ ಉಟ್ಟು ಒಗೆದ ಬಟ್ಟೆಯಲ್ಲಿ ಬೆಳೆದಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆಸ್ಪತ್ರೆಗೆ ಮರಳಿದವಳೇ ಆ ಮಗುವಿನ ಮೈಮೇಲಿನ ಬಟ್ಟೆಯನ್ನು ಬಿಚ್ಚಿಸಿ, ಎಣ್ಣೆ ಹೋಗುವಂತೆ ಸೋಪು ಹಾಕಿ ಎರೆಸಿ, ನರ್ಸಿನ ದಿನಬಳಕೆಯ ಸೀರೆಯೊಂದನ್ನು ತರಿಸಿ ಸುತ್ತಿಸಿದೆ. ಮೂರು ದಿನ ದಿನಾಲೂ ರಕ್ತ ನೋಡಿದೆವು. ಚುಕ್ಕೆಗಳು ಕಡಿಮೆಯಾದವು, ಹಳದಿ ನಿಂತಿತು, ಆಮೇಲೆ ಇಳಿಯಿತು. ಆ ಮಗು ಉಳಿಯಿತು, ಅದರ ಮೆದುಳೂ ಉಳಿಯಿತು. ನನ್ನ ಕಾಗದಕ್ಕಿಂತ ಹಿಂದಿನ ರಿಜಿಸ್ಟರುಗಳನ್ನೂ ಕೆಳಗಿಳಿಸಿ ನೋಡಿದೆ. ಇಂಥ ಮಗು ಒಂದು ಸಿಕ್ಕಿತು, ಇನ್ನೊಂದು ಅನುಮಾನದ್ದು. ಹೆಚ್ಚಿನವೆಲ್ಲ ಕಾಗದದ ಈಚಿನವು. ಎಣ್ಣೆ ಹಚ್ಚಿದ ಎಳೆ ಚರ್ಮ ಆ ಗುಳಿಗೆಯ ಅಂಶವನ್ನು ಬೇಗ ಹೀರಿಕೊಳ್ಳುತ್ತದೆ, ಕೆಲವು ಗಂಡು ಮಕ್ಕಳ ರಕ್ತ ಹುಟ್ಟಿನಿಂದಲೇ ಅದನ್ನು ತಡೆಯಲಾರದು, ಆ ಕೊರತೆ ತಾಯಿಯ ಕಡೆಯಿಂದ ಬರುತ್ತದೆ ಎನ್ನುವುದೆಲ್ಲ ಆಮೇಲೆ ಓದಿ ತಿಳಿದದ್ದು.

ಹಿರಿಯರು ಎಲ್ಲವನ್ನೂ ಕೇಳಿ ನಶ್ಯದ ಡಬ್ಬಿ ಮುಚ್ಚಿದರು. "ಕಾಗದ ಬದಲಾಯಿಸು. ಹರಿಹರದೋರಿಗೆ ಈ ಸಲ ಟ್ರಂಕಿನ ಬಟ್ಟೆ ಬೇಡ ಅಂತ ಹೇಳು, ಸಾಕು. ಮೊದಲನೇದರ ಸುದ್ದಿ ಯಾಕೆ? ಆ ಅಜ್ಜಿ ಅದನ್ನ ಹೊತ್ಕೊಂಡು ಸಾಯಬೇಕೇನು?"

ನನ್ನ ಮರ್ಯಾದೆ ಉಳಿಸಲಿಕ್ಕೆ ಹೇಳಿದ್ದಲ್ಲ ಅದು, ಅಜ್ಜಿಯ ಮೇಲಿನ ಕರುಣೆಯಿಂದಲೇ ಹೇಳಿದ್ದು. ಒಂದು ವಾರ ಯೋಚಿಸಿದೆ. ಸುಮ್ಮನಿರುವುದು ಸುಲಭವಿತ್ತು, ಅದು ಸುಲಭವೆಂಬುದೇ ನನ್ನನ್ನು ಚುಚ್ಚುತ್ತಿತ್ತು. ಕಾರಣ ಹೇಳದೆ ಬೇಡ ಎಂದರೆ ಆಯುಷ್ಯದ ಬಟ್ಟೆಯನ್ನು ಅವರು ಬಿಡುವರೇ? ನನ್ನ ಮಾತು ಒಮ್ಮೆ ಸುಳ್ಳಾದದ್ದು ಆ ಮನೆಗೆ ಗೊತ್ತಿತ್ತು. ಅದೂ ಅಲ್ಲದೆ ಗಂಡನ ಮನೆಯವರು ಎರಡು ವರ್ಷದಿಂದ ಆ ಹುಡುಗಿಯ ಹೊಟ್ಟೆಯನ್ನು ಹಳಿಯುತ್ತಿದ್ದರು. ಅದನ್ನು ನಿಲ್ಲಿಸಬಲ್ಲವಳು ನಾನೊಬ್ಬಳೇ. ಹೇಳಿಬಿಡುವುದೆಂದು ನಿರ್ಧರಿಸಿದೆ.

ಹರಿಹರಕ್ಕೆ ಹೋದಾಗ ಅಜ್ಜಿ ಕಟ್ಟೆಯ ಮೇಲೆ ಕೂತು ಮೊಮ್ಮಗನಿಗೆ ಗಂಜಿ ಕುಡಿಸುತ್ತಿದ್ದರು. ಒಂದು ಚಮಚ ಒಳಗೆ ಹೋದರೆ ಎರಡು ಹೊರಗೆ ಬರುತ್ತಿತ್ತು, ಅವರು ಗದ್ದ ಒರೆಸಿ ಮತ್ತೆ ಕೊಡುತ್ತಿದ್ದರು. ನಾನು ಟ್ರಂಕಿನ ಮಾತು ತೆಗೆದೆ. ಗುಳಿಗೆ ಹಾಕಿದ್ದಿರಾ ಎಂದು ಕೇಳಿದೆ.

"ಹಾಕ್ದೇ ಏನ್ರಿ? ಮಗಳು ಕಾಗದ ಓದಿ ಹೇಳಿದ್ಲು. ಚೊಚ್ಚಲು ಕೂಸು ಅಂತ ಹೇಳಿದ್ದಕ್ಕಿಂತ ಜಾಸ್ತೀನೇ ಹಾಕೀನಿ. ನಮ್ಮವ್ವನ ಸೀರೆ ಅದು, ತೊಂಬತ್ತು ವರ್ಷ ಬದುಕಿದಾಕೆ," ಎಂದರು ಹೆಮ್ಮೆಯಿಂದ.

ನಾನು ಹೇಳಿದೆ. ಗುಳಿಗೆಯಿಂದ ರಕ್ತ ಒಡೆದದ್ದು, ರಕ್ತದಿಂದ ಹಳದಿ, ಹಳದಿಯಿಂದ ಮೆದುಳು. ಕಾಗದ ಬರೆದವಳು ನಾನೇ ಎಂಬುದನ್ನು ಮೊದಲೇ ಹೇಳಿದ್ದೆ, ಕೊನೆಗೆ ಇನ್ನೊಮ್ಮೆ ಹೇಳಿದೆ. ಅಜ್ಜಿಯ ಕೈಯಲ್ಲಿ ಚಮಚ ಹಾಗೇ ನಿಂತಿತು. ಮಗಳು ಬಾಗಿಲ ಹಿಂದೆ ನಿಂತು ಅಳತೊಡಗಿದಳು.

"ನನ್ನ ಕೈಲೇ ಸುತ್ತಿದ್ದೆ," ಎಂದರು ಅಜ್ಜಿ.

"ನನ್ನ ಮಾತು ಕೇಳಿ ಸುತ್ತಿದಿರಿ," ಎಂದೆ.

"ಓದಿದೋರು ಅಂತ ಕೇಳಿದ್ವಿ." ಅವರು ನನ್ನ ಮುಖ ನೋಡಲಿಲ್ಲ. "ಎದ್ದು ಹೋಗ್ರಿ ಇಲ್ಲಿಂದ."

ಎದ್ದು ಬಂದೆ. ಹರಿಹರದ ಸ್ಟೇಷನ್ನಿನಲ್ಲಿ ರೈಲು ಬರುವ ತನಕ ಬೆಂಚಿನ ಮೇಲೆ ಕೂತು ಅತ್ತೆ. ಯಾರು ನೋಡುತ್ತಾರೆ ಎಂಬ ಪರಿವೆಯೂ ಇರಲಿಲ್ಲ.

ಗುಮಾಸ್ತನಿಗೂ ಅವನ ತಾಯಿಗೂ ಅದನ್ನೇ ಹೇಳಿದೆ. ಸೊಸೆಯಲ್ಲಿ ದೋಷವಿಲ್ಲ, ದೋಷ ಆಸ್ಪತ್ರೆಯ ಕಾಗದದಲ್ಲಿತ್ತು ಎಂದೆ. ಅತ್ತೆ ನಂಬಿದಂತೆ ಕಾಣಲಿಲ್ಲ. ಹರಿಹರದಿಂದ ಎರಡೂವರೆ ತಿಂಗಳು ಒಂದು ಸುದ್ದಿಯೂ ಇಲ್ಲ. ಹೆರಿಗೆಗೆ ಅವರು ನಮ್ಮಲ್ಲಿಗೆ ಬರುವುದಿಲ್ಲ ಎಂದೇ ನನಗೆ ಖಾತ್ರಿಯಾಗಿತ್ತು. ಆದರೂ ಸಿದ್ಧತೆ ಬಿಡಲಿಲ್ಲ. ಹಳದಿ ಏರಿದರೆ ಹೊಕ್ಕುಳ ಬಳ್ಳಿಯ ಮೂಲಕ ಮಗುವಿನ ರಕ್ತವನ್ನು ಸ್ವಲ್ಪ ಸ್ವಲ್ಪವೇ ತೆಗೆದು ಬೇರೆ ರಕ್ತ ತುಂಬುವ ಕ್ರಮವಿದೆ. ದೊಡ್ಡ ಊರುಗಳಲ್ಲಿ ಮಾಡುತ್ತಿದ್ದರು, ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ತೆಳುವಾದ ರಬ್ಬರ್ ನಳಿಕೆ ತರಿಸಿ, ಸಿರಿಂಜುಗಳನ್ನು ಕುದಿಸಿಟ್ಟು, ಸಹಾಯಕನೊಂದಿಗೆ ನೀರಿನಲ್ಲಿ ಅಭ್ಯಾಸ ಮಾಡಿದೆ.

ಒಂದು ಬೆಳಿಗ್ಗೆ ಜಟಕಾ ನಿಂತ ಸದ್ದಾಯಿತು. ಅಜ್ಜಿ, ನೋವು ಶುರುವಾದ ಮಗಳು, ಒಂದು ಬಟ್ಟೆಯ ಗಂಟು. ಅಜ್ಜಿ ನನ್ನ ಕೈಗೆ ಗಂಟು ಕೊಟ್ಟರು. "ಮೂಸಿ ನೋಡ್ರಿ."

ಮೂಸಿದೆ. ಹೊಳೆ ನೀರು, ಬಿಸಿಲು, ಅಷ್ಟೇ.

"ಹೊಸಾ ಸೀರೆ ಕೂಸಿಗೆ ಆಗಂಗಿಲ್ಲ, ಟ್ರಂಕಿಂದು ನೀವು ಬ್ಯಾಡ ಅಂದ್ರಿ. ಅದಕ್ಕ ಹೊಸಾದನ್ನ ನಾನೇ ಉಟ್ಟು ಹಳೇದು ಮಾಡೀನಿ. ದಿನಾ ಉಡೋದು, ದಿನಾ ಹೊಳ್ಯಾಗೆ ಒಗಿಯೋದು. ಪೆಟ್ಟಿಗಿ ಮಕ ನೋಡಿಲ್ಲ ಅದು." ಆಮೇಲೆ ದನಿ ಇಳಿಸಿ, "ಸುಳ್ಳು ಹೇಳೋರಾಗಿದ್ರೆ ಅವತ್ತು ಬಂದು ಹೇಳ್ತಿರಲಿಲ್ಲ ನೀವು," ಎಂದರು.

ಸಂಜೆಗೆ ಮುಂಚೆ ಗಂಡು ಮಗು ಹುಟ್ಟಿತು. ಎಣ್ಣೆ ಹಚ್ಚಬೇಡಿರೆಂದೆ, ಹಚ್ಚಲಿಲ್ಲ. ಎರಡನೆಯ ದಿನ ಕಣ್ಣಿನ ಬಿಳಿ ಹಳದಿಯಾಯಿತು. ಮೂರನೆಯ ದಿನ ಹಳದಿ ಎದೆಗೆ ಇಳಿಯಿತು. ಸಹಾಯಕ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ರಕ್ತ ನೋಡಿದ. "ಸಾಫ್ ಐತ್ರಿ ಮೇಡಂ, ಒಂದು ದಾಣೆನೂ ಇಲ್ಲ," ಎನ್ನುತ್ತಿದ್ದ. ನಾನು ನಂಬದೆ ಮತ್ತೆ ಬಗ್ಗಿ ನೋಡುತ್ತಿದ್ದೆ. ಅಜ್ಜಿ ಮಂಚದ ಪಕ್ಕ ಕೂತು ಮಗುವಿನ ಮುಖ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನಾಲ್ಕನೆಯ ದಿನ ಮಗು ಹಸಿದು ಕೂಗಿತು, ದುಂಡನೆಯ, ಸಿಟ್ಟಿನ, ಆರೋಗ್ಯದ ಕೂಗು. ಆರನೆಯ ದಿನಕ್ಕೆ ಹಳದಿ ಕಂತಿತು. ರಬ್ಬರ್ ನಳಿಕೆ ಬೀರುವಿನಲ್ಲೇ ಉಳಿಯಿತು. ಏಳನೆಯ ದಿನ ಗುಮಾಸ್ತನ ತಾಯಿ ಬಂದು ಸೊಸೆಯ ತಲೆಗೆ ತಾನೇ ಎಣ್ಣೆ ಹಚ್ಚಿದಳು.

ಒಂದು ಮಗು ಏನನ್ನೂ ಸಾಬೀತು ಮಾಡುವುದಿಲ್ಲ. ಮುಂದೆ ಬಂದ ಪ್ರತಿ ಬಸುರಿಯನ್ನೂ ಟ್ರಂಕಿನ ಬಗ್ಗೆ ಕೇಳಿದೆವು, ಬರೆದಿಟ್ಟೆವು. ಸೆಟೆದುಕೊಂಡ ಶಿಶುಗಳು ಬರುವುದು ಬಹುಮಟ್ಟಿಗೆ ನಿಂತಿತು. ವೈದ್ಯರ ಸಭೆಯೊಂದರಲ್ಲಿ ಅದನ್ನು ಓದಿದೆ. ಸೂಚನೆ ನನ್ನದೇ ಆಗಿತ್ತೆಂಬ ವಾಕ್ಯ ಬಂದಾಗ ಸಭೆ ಒಂದು ಕ್ಷಣ ಕದಲಿತು, ಮುಂದಿನ ಸಾಲಿನಲ್ಲಿದ್ದ ಹಿರಿಯರು ಮಾತ್ರ ತಲೆಯಾಡಿಸಿದರು. ಆ ಲೇಖನವನ್ನು ಆಮೇಲೆ ಎಷ್ಟು ಜನ ಓದಿದರೋ ನನಗೆ ತಿಳಿಯದು.

ವರ್ಷದ ಮೇಲೆ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ಬಂದರು. ಚಿಕ್ಕವನು ನನ್ನ ಮೇಜಿನ ಕಾಲು ಹಿಡಿದು ನಿಂತ. ದೊಡ್ಡವನು ಕಂಕುಳಲ್ಲಿ. ಇಷ್ಟೆಲ್ಲ ಕಂಡುಹಿಡಿದರಲ್ಲ, ಇವನಿಗೇನಾದರೂ ಗುಣವಾಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಆ ಒಂದು ಮಾತು ಹೇಳುವುದು ಉಳಿದೆಲ್ಲಕ್ಕಿಂತ ಕಷ್ಟವಾಯಿತು. ಅವರು ಅವನ ಕತ್ತಿಗೆ ಕೈಯಾನಿಸಿ ಸರಿಯಾಗಿ ಎತ್ತಿಕೊಂಡರು.

"ಇರ್ಲಿ ಬಿಡ್ರಿ. ಇವನಿಗೂ ಈಗ ಕೆಲಸ ಐತೆ," ಎಂದರು. ಹರಿಹರದಲ್ಲಿ ಯಾವ ಮನೆಯಲ್ಲಿ ಬಸುರಿ ಇದ್ದಾಳೆಂದು ತಿಳಿದರೂ ಇವನನ್ನು ಎತ್ತಿಕೊಂಡು ಹೋಗುತ್ತಾರಂತೆ. ಟ್ರಂಕು ತೆಗೆಸುತ್ತಾರಂತೆ, ಗುಳಿಗೆ ಎಸೆಸುತ್ತಾರಂತೆ. ಇಂಥ ಮಗುವನ್ನು ಬಸುರಿಯ ಎದುರಿಗೆ ತಂದರೆ ಜನ ಸುಮ್ಮನಿರುತ್ತಾರೆಯೇ ಎಂದು ಕೇಳಿದೆ.

"ಎಲ್ಲಿ ಸುಮ್ನಿರ್ತಾರ್ರಿ? ಅಪಶಕುನ ಅಂತ ಮಕದ ಮ್ಯಾಲೆ ಬಾಗ್ಲು ಹಾಕ್ತಾರೆ. ಹಾಕ್ಲಿ. ಹೊರಗ ನಿಂತು ಗಟ್ಟ್ಯಾಗಿ ಹೇಳಿ ಬರ್ತೀನಿ. ಕಿವಿ ಕೇಳದಿರೋದು ಇವನಿಗಷ್ಟೇ, ಅವ್ರಿಗೆ ಕೇಳ್ತೈತಲ್ಲ."